ಕೀಳ್ವೆಣ್ಮಣಿಯ ಮೊಕದ್ದಮೆ

ಕೊಡಗಿನಲ್ಲಿ ಹುಟ್ಟಿ, ಮೈಸೂರು ಮಂಡ್ಯಗಳ ಗದ್ದೆಗಳನ್ನು ತಣಿಸಿ ಕೆಳಗಿಳಿಯುವ ಕಾವೇರಿಯ ವಿಷಯವಾಗಿ ನಾವು ಮಾತಿಗೆ ತೊಡಗಿದರೆ, ಮಾತು ಬಹು ಬೇಗ ನೀರಿನ ಲೆಕ್ಕಕ್ಕೆ ಬಂದು ನಿಲ್ಲುತ್ತದೆ: ಮೇಲಿನವರಿಗೆಷ್ಟು, ಕೆಳಗಿನವರಿಗೆಷ್ಟು ಎಂದು. ಆ ನೀರಿನಿಂದ ಬೆಳೆದ ಭತ್ತವನ್ನು ಕೊಯ್ದವರಿಗೆಷ್ಟು ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ತಂಜಾವೂರು ಸೀಮೆಯಲ್ಲಿ ಆ ಪ್ರಶ್ನೆ ಒಮ್ಮೆ ಎದ್ದಿತು. ಅರ್ಧ ಪಡಿ ಭತ್ತ ಹೆಚ್ಚಾಗಿ ಕೊಡಿರೆಂದು ಕೂಲಿಕಾರರು ಕೇಳಿದರು. ಆ ಜಗಳದ ಕೊನೆಗೆ 44 ಮಂದಿ ಒಂದೇ ಗುಡಿಸಲಿನಲ್ಲಿ ಸುಟ್ಟು ಸತ್ತರು. ಅವರನ್ನು ಸುಟ್ಟವರು ಯಾರೆಂಬುದು ನ್ಯಾಯಾಲಯದ ಕಾಗದಗಳಲ್ಲಿ ಇಂದಿಗೂ ತೀರ್ಮಾನವಾಗಿಲ್ಲ.

ಊರಿನ ಹೆಸರು ಕೀಳ್ವೆಣ್ಮಣಿ. ಆಗ ಅದು ತಂಜಾವೂರು ಜಿಲ್ಲೆಯ ಪೂರ್ವ ಭಾಗಕ್ಕೆ ಸೇರಿತ್ತು; ಈಗ ನಾಗಪಟ್ಟಣಂ ಜಿಲ್ಲೆಗೆ ಸೇರಿದೆ. ತಮಿಳಿನ ‘ಮಣಿ’ ಎಂಬ ಮಾತು ರತ್ನಕ್ಕೂ ಸಲ್ಲುತ್ತದೆ, ಕಾಳಿಗೂ ಸಲ್ಲುತ್ತದೆ. ಕಾಳನ್ನೇ ರತ್ನವೆಂದು ಬಗೆದ ನಾಡು ಅದು. ಬೆಂಕಿ ಬಿದ್ದದ್ದು 1968ನೆಯ ಇಸವಿ ಡಿಸೆಂಬರ್ 25ರ ರಾತ್ರಿ. ಈ ಮೊಕದ್ದಮೆಯ ಕಥೆ ನಮ್ಮ ಓದುಗರಲ್ಲಿ ಹಲವರಿಗೆ ಅಲ್ಪಸ್ವಲ್ಪ ತಿಳಿದಿರಬಹುದು. ಆದರೆ ಇದರ ಒಂದು ಅಂಶ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದಲೇ ಪ್ರಾರಂಭಿಸಬೇಕು.

ತಂಜಾವೂರಿನ ಬಯಲು ದಕ್ಷಿಣ ದೇಶದ ಕಣಜವೆಂದು ಹೆಸರಾದದ್ದು. ಅಲ್ಲಿನ ಭೂಮಿಯ ಒಡೆಯರನ್ನು ಮಿರಾಸುದಾರರೆಂದು ಕರೆಯುತ್ತಿದ್ದರು. ಮಠಗಳಿಗೂ ದೇವಸ್ಥಾನಗಳಿಗೂ ಸೇರಿದ ಜಮೀನು ವಿಸ್ತಾರವಾಗಿತ್ತು. ಆ ನೆಲದಲ್ಲಿ ದುಡಿಯುತ್ತಿದ್ದವರಲ್ಲಿ ಬಹುಮಂದಿ ದಲಿತರು. ಅವರಲ್ಲಿ ‘ಪಣ್ಣೈಯಾಳು’ ಎಂಬ ಒಂದು ವರ್ಗ. ನಮ್ಮ ಕಡೆಯ ಜೀತದಾಳಿಗೆ ಸಮೀಪವಾದ ಬದುಕು. ಆಳು ಒಡೆಯನಿಗೆ ಕಟ್ಟುಬಿದ್ದವನು. ಅವನು ಗುಡಿಸಲು ಹಾಕಿಕೊಂಡಿದ್ದ ನೆಲವೂ ಒಡೆಯನದೇ. ತಪ್ಪಿಗೆ ಶಿಕ್ಷೆಯೆಂದರೆ ಚಾಟಿಯ ಏಟು. ಅದು ಸಾಲದಿದ್ದರೆ ಸಗಣಿ ಕದಡಿದ ನೀರನ್ನು ಕುಡಿಸುವುದು. ಇದು ಪುರಾಣಕಾಲದ ಮಾತಲ್ಲ; ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ನಡೆದುಬಂದದ್ದು.

ಈ ಶಿಕ್ಷೆಗಳನ್ನು ನಿಲ್ಲಿಸಬೇಕೆಂದು ಆಳುಗಳನ್ನು ಒಟ್ಟುಗೂಡಿಸಿದವರಲ್ಲಿ ಮೊದಲಿಗರು ಬಿ. ಶ್ರೀನಿವಾಸರಾಯರು. ಅವರು ದಕ್ಷಿಣ ಕನ್ನಡದ ಕಡೆಯವರು ಎಂಬುದನ್ನು ಕನ್ನಡಿಗರಾದ ನಾವು ನೆನೆಯುವುದು ಅಪರೂಪ. 1940ರ ದಶಕದಲ್ಲಿ ಕಮ್ಯುನಿಸ್ಟ್ ಪಕ್ಷದ ಕೆಲಸಕ್ಕಾಗಿ ತಂಜಾವೂರಿಗೆ ಹೋದ ಅವರು ದಲಿತರ ಬೀದಿಗಳಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಸಂಘ ಕಟ್ಟಿದರು. ಹೊಡೆದರೆ ತಿರುಗಿ ನಿಲ್ಲಿರೆಂದು ಹೇಳಿಕೊಟ್ಟರು. ಚಾಟಿಯೂ ಸಗಣಿ ನೀರೂ ಆ ದಶಕದಲ್ಲಿಯೇ ಹಿಂದೆ ಸರಿದವು. ರಾಯರು 1961ರಲ್ಲಿ ತೀರಿಕೊಂಡರು. ಅವರ ಹುಟ್ಟೂರಿನ ಕಡೆ ಅವರ ಹೆಸರು ಮರೆತುಹೋದರೂ ಆ ಸೀಮೆಯ ಕೂಲಿಕಾರರು ಅದನ್ನು ಮರೆತಿಲ್ಲ.

1952ರಲ್ಲಿ ಮದರಾಸು ಸರ್ಕಾರ ತಂಜಾವೂರಿನ ಗೇಣಿದಾರರನ್ನೂ ಪಣ್ಣೈಯಾಳುಗಳನ್ನೂ ರಕ್ಷಿಸುವ ಕಾಯಿದೆಯೊಂದನ್ನು ಮಾಡಿತು. ಆದರೆ ಕಾಯಿದೆ ಬಂದ ಕಡೆ ಅದರಿಂದ ನುಣುಚಿಕೊಳ್ಳುವ ದಾರಿಯೂ ಬರುತ್ತದೆ. ಆಳು ಎಂದರೆ ರಕ್ಷಣೆ ಉಂಟು, ದಿನಗೂಲಿ ಎಂದರೆ ಇಲ್ಲ. ಹೀಗಾಗಿ ಎಷ್ಟೋ ಮಂದಿ ಆಳುಗಳು ದಿನಗೂಲಿಗಳಾದರು. ಸರಪಳಿ ಕಳಚಿತು, ಅದರ ಜೊತೆಗೆ ಅನ್ನದ ಭರವಸೆಯೂ ಕಳಚಿತು. ಅನಂತರ 1960ರ ದಶಕದಲ್ಲಿ ಹಸಿರು ಕ್ರಾಂತಿ ಬಂದಿತು. ತಂಜಾವೂರು ಸರ್ಕಾರದ ತೀವ್ರ ಬೇಸಾಯ ಯೋಜನೆಗೆ ಆರಿಸಲ್ಪಟ್ಟ ಜಿಲ್ಲೆಗಳಲ್ಲೊಂದು. ಬೇಗ ಬಲಿಯುವ ಎ.ಡಿ.ಟಿ. 27 ಎಂಬ ಹೊಸ ಭತ್ತ ಗದ್ದೆಗಿಳಿಯಿತು. ಫಸಲು ಹೆಚ್ಚಿತು, ಗೊಬ್ಬರ ಬಂದಿತು, ಸಾಲ ಬಂದಿತು. ಕಣದಲ್ಲಿ ರಾಶಿ ಬೆಳೆಯುವುದನ್ನು ಕೊಯ್ಯುವವರು ಕಣ್ಣಾರೆ ಕಂಡರು. ಕಂಡ ಮೇಲೆ ಅರ್ಧ ಪಡಿ ಹೆಚ್ಚಿಗೆ ಕೇಳಿದರು. ಇದರಲ್ಲಿ ಆಶ್ಚರ್ಯಪಡುವಂಥದು ಏನೂ ಇಲ್ಲ.

ಮಿರಾಸುದಾರರೂ ಸುಮ್ಮನಿರಲಿಲ್ಲ. ಅವರು ಭತ್ತ ಬೆಳೆಯುವವರ ಸಂಘವೆಂದು ಒಂದನ್ನು ಕಟ್ಟಿಕೊಂಡರು. ಅದರ ಮುಖಂಡರು ಇರಿಂಜಿಯೂರಿನ ಗೋಪಾಲಕೃಷ್ಣ ನಾಯ್ಡು. ಸ್ಥಳದ ಕೂಲಿಕಾರರು ಹೆಚ್ಚು ಕೇಳಿದರೆ ಹೊರ ಊರುಗಳಿಂದ ಆಳುಗಳನ್ನು ಕರೆಸುವುದು, ಕೆಂಪು ಬಾವುಟ ಇಳಿಸಿ ನಮ್ಮ ಸಂಘಕ್ಕೆ ಸೇರಿರೆಂದು ಒತ್ತಾಯಿಸುವುದು, ಇವು ನಡೆದವು. ಊರೂರಿನಲ್ಲಿ ಘರ್ಷಣೆಗಳಾದವು. ಕೀಳ್ವೆಣ್ಮಣಿಯ ಕೂಲಿಕಾರರು ಬಾವುಟ ಇಳಿಸಲಿಲ್ಲ.

ಡಿಸೆಂಬರ್ 25ರ ಸಂಜೆ ಎರಡು ಕಡೆಯವರಿಗೂ ಹೊಡೆದಾಟವಾಗಿ ಮಿರಾಸುದಾರರ ಕಡೆಯ ಒಬ್ಬ ಸತ್ತ. ಆ ಸಾವನ್ನೂ ಮರೆಯಬಾರದು. ಅದೂ ಒಂದು ಜೀವ. ಅದೇ ರಾತ್ರಿ ದೊಡ್ಡದೊಂದು ಗುಂಪು ಆಯುಧಗಳೊಡನೆ ದಲಿತರ ಬೀದಿಗೆ ನುಗ್ಗಿತು. ಕೈಲಾದ ಗಂಡಸರು ಹೊಲಗಳ ಕಡೆಗೆ ಓಡಿ ಕತ್ತಲಲ್ಲಿ ಮರೆಯಾದರು. ಓಡಲಾರದ ಹೆಂಗಸರು, ಮಕ್ಕಳು, ಮುದುಕರು ಒಂದು ಸಣ್ಣ ಗುಡಿಸಲನ್ನು ಹೊಕ್ಕು ಬಾಗಿಲು ಹಾಕಿಕೊಂಡರು. ಆ ಗುಡಿಸಲಿಗೆ ಬೆಂಕಿ ಬಿದ್ದಿತು. ಮುಂದಿನ ವಿವರಗಳನ್ನು ಬದುಕಿ ಉಳಿದವರು ಹೇಳಿದ್ದಾರೆ. ನಾನು ಅವನ್ನು ಇಲ್ಲಿ ಬರೆಯಲಾರೆ. ಬರೆಯದಿದ್ದರೂ ಓದುಗರು ಊಹಿಸಬಲ್ಲರು.

ಅನಂತರ ಪತ್ರಿಕೆಗಳಲ್ಲಿ ಸುದ್ದಿ ಬಂದಿತು. ಸತ್ತವರು 42 ಮಂದಿ ಎಂದೂ, ರೈತರ ನಡುವೆ ನಡೆದ ಘರ್ಷಣೆ ಎಂದೂ ಬಂದಿತು. ಊರಿನ ಎಣಿಕೆ 44. ಸ್ಮಾರಕದಲ್ಲಿರುವ ಎಣಿಕೆಯೂ ಅದೇ. ಎರಡು ಸಂಖ್ಯೆಗಳ ನಡುವೆ ಕಳೆದುಹೋದ ಇಬ್ಬರು ಯಾರೋ! ‘ರೈತರ ಘರ್ಷಣೆ’ ಎಂಬ ಮಾತಿನ ಕಡೆಗೂ ಒಂದು ಕ್ಷಣ ಗಮನ ಕೊಡಬೇಕು. ಸಾವಿರಾರು ಕಲಂ ಭತ್ತ ಅಳೆಯುವವನೂ ರೈತ, ಅರ್ಧ ಪಡಿ ಕೇಳುವವನೂ ರೈತ. ಬೆಂಕಿ ಹಚ್ಚಿದವನು, ಬೆಂದವನು, ಇಬ್ಬರಿಗೂ ಒಂದೇ ಹೆಸರು ಕೊಟ್ಟರೆ ಅಪರಾಧ ಅರ್ಧ ಕರಗಿಹೋಗುತ್ತದೆ. ಪತ್ರಿಕೆಯಲ್ಲಿ ಬರೆಯುವ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು.

ಆಗ ಮದರಾಸಿನಲ್ಲಿ ಅಣ್ಣಾದುರೈ ಅವರ ಸರ್ಕಾರ. ಅವರು ಕಾಯಿಲೆಯಿಂದ ಬಳಲುತ್ತಿದ್ದರು. ಮುಂದಿನ ಫೆಬ್ರವರಿಯಲ್ಲಿಯೇ ತೀರಿಕೊಂಡರು. ಕೂಲಿಯ ಪ್ರಶ್ನೆಯನ್ನು ವಿಚಾರಿಸಲು ಗಣಪತಿಯಾ ಪಿಳ್ಳೆ ಆಯೋಗ ನೇಮಕವಾಯಿತು. ಇತ್ತ ಎರಡು ಮೊಕದ್ದಮೆಗಳು ಹೂಡಲ್ಪಟ್ಟವು: ಸಂಜೆಯ ಕೊಲೆಗಾಗಿ ಕೂಲಿಕಾರರ ಮೇಲೆ ಒಂದು, ರಾತ್ರಿಯ ಬೆಂಕಿಗಾಗಿ ಮಿರಾಸುದಾರರ ಮೇಲೆ ಒಂದು.

ಕೂಲಿಕಾರರ ಮೇಲಿನ ಮೊಕದ್ದಮೆಯಲ್ಲಿ ಹಲವರಿಗೆ ಶಿಕ್ಷೆಯಾಯಿತು, ಒಬ್ಬನಿಗೆ ಜೀವಾವಧಿ. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆ ಸುಳ್ಳಾಗಲಿಲ್ಲ. ಬೆಂಕಿಯ ಮೊಕದ್ದಮೆಯಲ್ಲಿ ಆಪಾದಿತರು 23 ಮಂದಿ. 1970ರ ನವೆಂಬರಿನಲ್ಲಿ ಸೆಷನ್ಸ್ ನ್ಯಾಯಾಲಯ ಗೋಪಾಲಕೃಷ್ಣ ನಾಯ್ಡು ಅವರಿಗೂ ಬೇರೆ ಏಳು ಮಂದಿಗೂ ತಲಾ 10 ವರ್ಷದ ಕಠಿಣ ಶಿಕ್ಷೆ ವಿಧಿಸಿತು. ಅವರು ಮದರಾಸು ಹೈಕೋರ್ಟಿಗೆ ಮೇಲ್ಮನವಿ ಮಾಡಿಕೊಂಡರು. 1973ರ ಏಪ್ರಿಲಿನಲ್ಲಿ ಹೈಕೋರ್ಟು ಅವರೆಲ್ಲರನ್ನೂ ಬಿಡುಗಡೆ ಮಾಡಿತು.

ಬಿಡುಗಡೆ ಮಾಡಿತು ಎಂಬುದು ನನ್ನನ್ನು ಕಾಡುವ ವಿಷಯವಲ್ಲ. ಸಂಶಯದ ಲಾಭ ಆಪಾದಿತನಿಗೆ ಸಲ್ಲಬೇಕೆಂಬುದು ನಮ್ಮ ನ್ಯಾಯಪದ್ಧತಿಯ ಅಡಿಗಲ್ಲು. ಅದನ್ನು ಅಲುಗಿಸಿದರೆ ಮೊದಲು ಕೆಳಗೆ ಬೀಳುವವನು ಬಡವನೇ. ಸಾಕ್ಷಿ ಸಾಲದೆ ಬಿಟ್ಟರೆಂದರೆ ಅದು ನೋವಿನ ಮಾತು, ಆದರೆ ಅರ್ಥವಾಗುವ ಮಾತು. ನನ್ನನ್ನು ಕಾಡುವುದು ತೀರ್ಪಿನಲ್ಲಿ ಬರುವ ಒಂದು ತರ್ಕ. ಅದರ ಸಾರಾಂಶ ಇಷ್ಟು: ಆಪಾದಿತರಾದ 23 ಮಂದಿಯೂ ಮಿರಾಸುದಾರರಾಗಿರುವುದೇ ಸೋಜಿಗದ ಸಂಗತಿ. ಅವರಲ್ಲಿ ಬಹುಮಂದಿ ವಿಸ್ತಾರವಾದ ಭೂಮಿಯುಳ್ಳ ಶ್ರೀಮಂತರು. ಮೊದಲನೆಯ ಆಪಾದಿತರ ಬಳಿ ಕಾರೂ ಇದೆ. ಕೂಲಿಕಾರರ ಮೇಲೆ ಎಷ್ಟೇ ಹಗೆ ಇದ್ದರೂ ಇಂಥವರು ಸೇವಕರ ನೆರವಿಲ್ಲದೆ ಖುದ್ದಾಗಿ ಅಲ್ಲಿಯವರೆಗೆ ನಡೆದುಹೋಗಿ ಮನೆಗಳಿಗೆ ಬೆಂಕಿ ಹಚ್ಚಿದರೆಂದು ನಂಬುವುದು ಕಷ್ಟ. ಹಸಿದು ಹತಾಶನಾದ ಕೂಲಿಯವನು ಮುನ್ನುಗ್ಗಬಹುದು. ಶ್ರೀಮಂತನಾದರೆ ಹಿಂದೆ ನಿಂತು ತನ್ನ ಆಳುಗಳನ್ನು ಕಳುಹಿಸುತ್ತಿದ್ದ ಎಂದೇ ನಿರೀಕ್ಷಿಸಬೇಕು.

ಈ ಮಾತುಗಳನ್ನು ನಾನು ಹಲವು ಸಾರಿ ಓದಿದ್ದೇನೆ. ಓದಿದಾಗಲೆಲ್ಲ ಎರಡು ಪ್ರಶ್ನೆಗಳು ಏಳುತ್ತವೆ.

ಮೊದಲನೆಯದು: ಇದು ಸಾಕ್ಷ್ಯದಿಂದ ಹುಟ್ಟಿದ ಸಂಶಯವೆ, ಅಥವಾ ಸಮಾಜದಲ್ಲಿ ಮೊದಲೇ ಬೇರೂರಿದ್ದ ಒಂದು ಭಾವನೆಯಿಂದ ಹುಟ್ಟಿದ ಸಂಶಯವೆ? ಸಾಕ್ಷಿ ಹೇಳಿದವನು ಕತ್ತಲಲ್ಲಿ ಕಂಡದ್ದು ಹೇಗೆ, ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ಹೊಂದಿಕೆಯುಂಟೆ ಎಂದು ಕೇಳುವುದು ನ್ಯಾಯವಾದ ವಿಚಾರಣೆ. ಕಾರುಳ್ಳವನು ಕಾಲ್ನಡಿಗೆಯಲ್ಲಿ ಬಂದಾನೆಯೆ ಎಂದು ಕೇಳುವುದು ಬೇರೆ ಬಗೆಯ ವಿಚಾರಣೆ. ಮೊದಲನೆಯದರಲ್ಲಿ ಮನುಷ್ಯನನ್ನು ಅವನ ಕೃತ್ಯದಿಂದ ಅಳೆಯುತ್ತೇವೆ. ಎರಡನೆಯದರಲ್ಲಿ ಅವನ ಅಂತಸ್ತಿನಿಂದ. ಸಾಕ್ಷಿಗಳ ಅಂತಸ್ತೂ ಹೀಗೆಯೇ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಹೊತ್ತು ದಲಿತರ ಬೀದಿಯಲ್ಲಿ ನಡೆದದ್ದನ್ನು ದಲಿತರಲ್ಲದೆ ಬೇರೆ ಯಾರು ಕಂಡಾರು? ಕಂಡವರೆಲ್ಲ ಸತ್ತವರ ನೆಂಟರು, ಸಂಘದವರು, ಆಪಾದಿತರ ಮೇಲೆ ಹಗೆಯುಳ್ಳವರು. ಅವರ ಮಾತನ್ನು ಪಕ್ಷಪಾತದ ಮಾತೆಂದು ತಳ್ಳಿದರೆ ಇಂಥ ಅಪರಾಧಕ್ಕೆ ಸಾಕ್ಷಿಯೇ ಇಲ್ಲವೆಂದಾಗುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಸರಳ. ತೀರ್ಪಿನ ಊಹೆಯನ್ನೇ ಒಪ್ಪೋಣ. ಶ್ರೀಮಂತರು ತಾವು ಬರುವುದಿಲ್ಲ, ಆಳುಗಳನ್ನು ಕಳುಹಿಸುತ್ತಾರೆ. ಹಾಗಾದರೆ ಆ ರಾತ್ರಿ ಕಳುಹಿಸಿದವರು ಯಾರು? ಬಂದವರು ಯಾರು? ಗುಡಿಸಲು ತಾನೇ ಹೊತ್ತಿಕೊಳ್ಳಲಿಲ್ಲ. ಈ ಆಪಾದಿತರಲ್ಲ ಎಂದು ಹೇಳಿದ ಮೇಲೆ, ಮತ್ತೆ ಯಾರು ಎಂದು ಕೇಳಿ ಹೊಸದಾಗಿ ತನಿಖೆ ಮಾಡಿಸಬೇಕಾದದ್ದು ರಾಜ್ಯದ ಕರ್ತವ್ಯ. ‘ಇವರಲ್ಲ’ ಎಂದು ಹೇಳುವ ಅಧಿಕಾರ ನ್ಯಾಯಾಲಯಕ್ಕೆ ಉಂಟು. ‘ಯಾರೂ ಅಲ್ಲ’ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕೀಳ್ವೆಣ್ಮಣಿಯ ವಿಷಯದಲ್ಲಿ ಮೊದಲನೆಯದು ಎರಡನೆಯದಾಗಿ ಮುಗಿದುಹೋಯಿತು. ಆ ಬಿಡುಗಡೆ ಮುಂದೆಂದೂ ರದ್ದಾಗಲಿಲ್ಲ.

ತೀರ್ಪು ಬಂದ ಮರುತಿಂಗಳೇ ಅದನ್ನು ಹಿಡಿದು ಪ್ರಶ್ನಿಸಿದವರು ಮೈಥಿಲಿ ಶಿವರಾಮನ್. ಅಮೆರಿಕದಲ್ಲಿ ಓದಿ, ವಿಶ್ವಸಂಸ್ಥೆಯಲ್ಲಿನ ಭಾರತದ ನಿಯೋಗದಲ್ಲಿ ಕೆಲಸ ಮಾಡಿ, 1968ರಲ್ಲಿ ದೇಶಕ್ಕೆ ಮರಳಿದ್ದ ತರುಣಿ ಆಕೆ. ಕೀಳ್ವೆಣ್ಮಣಿಗೆ ಹೋಗಿ, ಬದುಕಿ ಉಳಿದವರ ಮಾತು ಕೇಳಿ ಬರೆದಿಟ್ಟರು. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯ 1973ರ ಮೇ ಸಂಚಿಕೆಯಲ್ಲಿ ಬಂದ ಅವರ ಲೇಖನ ಆ ತೀರ್ಪಿನ ತರ್ಕವನ್ನು ದೇಶದ ಓದುಗರ ಮುಂದಿಟ್ಟಿತು. ಅವರು 2021ರಲ್ಲಿ ಕಾಲವಾದರು. ಇಂದಿರಾ ಪಾರ್ಥಸಾರಥಿಯವರು ಈ ವಸ್ತುವನ್ನೆತ್ತಿಕೊಂಡು ‘ಕುರುದಿಪ್ಪುನಲ್’ ಎಂಬ ಕಾದಂಬರಿ ಬರೆದರು. 1977ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ನ್ಯಾಯಾಲಯದ ಕಡತ ಮುಚ್ಚಿದರೂ ಬರವಣಿಗೆಯ ಕಡತ ಮುಚ್ಚಲಿಲ್ಲ.

ಬೇರೆ ಬಗೆಯ ಲೆಕ್ಕವೂ ನಡೆಯಿತು. 1980ರ ಡಿಸೆಂಬರಿನಲ್ಲಿ ಗೋಪಾಲಕೃಷ್ಣ ನಾಯ್ಡು ಕೊಲೆಯಾದರು. ತಕ್ಕ ಶಾಸ್ತಿಯಾಯಿತೆಂದು ಸಮಾಧಾನಪಟ್ಟವರು ಇದ್ದಾರು. ನನಗೆ ಆ ಸಮಾಧಾನವಿಲ್ಲ. ಕೊಲೆಗೆ ಕೊಲೆ ಉತ್ತರವಾದರೆ ಮೊಕದ್ದಮೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಂದು ರಾತ್ರಿ ಏನಾಯಿತೆಂದು ಹೇಳಬಲ್ಲ ಇನ್ನೊಂದು ಬಾಯಿ ಮುಚ್ಚಿತು, ಅಷ್ಟೆ. ನ್ಯಾಯಾಲಯದ ಬಾಗಿಲು ಹಾಕಿಕೊಂಡರೆ ಜನ ಹಿತ್ತಿಲ ದಾರಿ ಹುಡುಕುತ್ತಾರೆ ಎಂಬ ಎಚ್ಚರಿಕೆ ಮಾತ್ರ ಅದರಲ್ಲಿದೆ.

ಹಾಗಾದರೆ ಕೀಳ್ವೆಣ್ಮಣಿಯವರಿಗೆ ಏನೂ ದೊರೆಯಲಿಲ್ಲವೆ? ದೊರೆಯಲಿಲ್ಲವೆಂದರೆ ಸುಳ್ಳಾದೀತು. ಆಯೋಗದ ವರದಿಯ ಮೇಲೆ 1969ರಲ್ಲಿ ಕೃಷಿ ಕಾರ್ಮಿಕರ ನ್ಯಾಯವಾದ ಕೂಲಿಯ ಕಾಯಿದೆ ಬಂದಿತು. ಅರ್ಧ ಪಡಿಯ ಪ್ರಶ್ನೆ ಕಣದಿಂದ ಶಾಸನಸಭೆಯವರೆಗೆ ಏರಿತು. 1970ರಲ್ಲಿ ಭೂಮಿತಿ 30 ಎಕರೆಯಿಂದ 15ಕ್ಕೆ ಇಳಿಯಿತು. 1971ರಲ್ಲಿ ‘ಕುಡಿಯಿರುಪ್ಪು’ ಕಾಯಿದೆ ಬಂದು, ಒಡೆಯನ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದವನಿಗೆ ಆ ನಿವೇಶನದ ಹಕ್ಕು ದೊರೆಯಿತು. ಮನೆಯ ಅಡಿಯ ನೆಲ ತನ್ನದಾದ ಮನುಷ್ಯನನ್ನು ಮರುದಿನ ಬೀದಿಗೆ ತಳ್ಳುತ್ತೇನೆಂದು ಹೆದರಿಸಲಾಗದು. ಗಾಂಧೀ ಮಾರ್ಗದ ದಂಪತಿಗಳಾದ ಕೃಷ್ಣಮ್ಮಾಳ್ ಮತ್ತು ಜಗನ್ನಾಥನ್ ಈ ದುರಂತದ ಬಳಿಕ ಆ ಸೀಮೆಯಲ್ಲಿಯೇ ನೆಲೆಸಿ, ಒಡೆಯರೊಡನೆ ಮಾತುಕತೆ ನಡೆಸಿ, ಭೂಮಿ ಕೊಂಡು ಭೂಮಿಯಿಲ್ಲದವರಿಗೆ, ಅದರಲ್ಲೂ ಹೆಂಗಸರ ಹೆಸರಿಗೆ, ಹಂಚಿಸುವ ಕೆಲಸಕ್ಕೆ ನಿಂತರು. 1981ರಲ್ಲಿ ‘ಲಾಫ್ಟಿ’ ಎಂಬ ಸಂಸ್ಥೆ ಕಟ್ಟಿದರು. ಚಾಟಿ ತಪ್ಪಿಸಿದ ಕಮ್ಯುನಿಸ್ಟರು, ಭೂಮಿ ಕೊಡಿಸಿದ ಗಾಂಧಿಯವರು. ದಾರಿ ಬೇರೆಯಾದರೂ ಬಂದು ಸೇರಿದ್ದು ಒಂದೇ ಬೀದಿಗೆ.

ಇದೆಲ್ಲ ಸಾಮಾಜಿಕ ನ್ಯಾಯ. ಅದು ದೊಡ್ಡದು. ಆದರೆ ಸತ್ತ ಒಂದು ಮಗುವಿಗೆ ಸಲ್ಲಬೇಕಾದ ನ್ಯಾಯ ಬೇರೆಯೇ ಇದೆ. ಕೂಲಿಯ ಕಾಯಿದೆಯಿಂದ ಆ ಸಾಲ ತೀರುವುದಿಲ್ಲ.

ಇದು ನೆರೆಯ ನಾಡಿನ ಹಳೆಯ ಕಥೆ, ನಮಗೇನು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿದೆ. 2000ನೆಯ ಇಸವಿ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರು ಬೆಂಕಿಯಲ್ಲಿ ಸುಟ್ಟು ಸತ್ತರು. ಆ ಹೊತ್ತಿಗೆ ದಲಿತರ ಮೇಲಿನ ದೌರ್ಜನ್ಯವನ್ನು ತಡೆಯುವ 1989ರ ಕಾಯಿದೆ ಬಂದು ವರ್ಷಗಳಾಗಿದ್ದವು. ಆದರೂ 2006ರಲ್ಲಿ ಆಪಾದಿತರೆಲ್ಲರ ಬಿಡುಗಡೆಯಾಯಿತು; 2014ರಲ್ಲಿ ಹೈಕೋರ್ಟು ಬಿಡುಗಡೆಯನ್ನು ಎತ್ತಿಹಿಡಿಯಿತು. ಕಾರಣ, ಸಾಕ್ಷಿಗಳು ಪ್ರತಿಕೂಲವಾಗಿ ತಿರುಗಿದ್ದರು. ಕೀಳ್ವೆಣ್ಮಣಿಯಲ್ಲಿ ಸಾಕ್ಷಿಗಳು ಬಾಯಿ ಬಿಟ್ಟರು, ಅವರನ್ನು ನಂಬಲಿಲ್ಲ. ಕಂಬಾಲಪಲ್ಲಿಯಲ್ಲಿ ಸಾಕ್ಷಿಗಳು ಬಾಯಿ ಬಿಡಲೇ ಇಲ್ಲ. ಮೊದಲನೆಯ ಊರಿನ ಅನುಭವಕ್ಕೂ ಎರಡನೆಯ ಊರಿನ ಮೌನಕ್ಕೂ ಸಂಬಂಧವಿಲ್ಲವೆಂದು ನನಗೆ ಅನ್ನಿಸುವುದಿಲ್ಲ. ಹೇಳಿದರೂ ನಡೆಯುವುದಿಲ್ಲವೆಂದು ತಿಳಿದವನು, ನಾಳೆಯೂ ಅದೇ ಊರಿನಲ್ಲಿ, ಅದೇ ಜನರ ನಡುವೆ ಕೂಲಿಗೆ ಹೋಗಬೇಕಾದವನು, ಏಕೆ ಹೇಳಿಯಾನು?

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. 2002ರಲ್ಲಿ ವಡೋದರದ ಬೆಸ್ಟ್ ಬೇಕರಿಗೆ ಬೆಂಕಿ ಬಿದ್ದು 14 ಮಂದಿ ಸತ್ತ ಮೊಕದ್ದಮೆಯಲ್ಲಿಯೂ ಹೀಗೆಯೇ ಸಾಕ್ಷಿಗಳು ತಿರುಗಿ, 2003ರಲ್ಲಿ ಆಪಾದಿತರೆಲ್ಲರ ಬಿಡುಗಡೆಯಾಗಿತ್ತು. ಆದರೆ 2004ರಲ್ಲಿ ಸುಪ್ರೀಂ ಕೋರ್ಟು ಆ ಬಿಡುಗಡೆಯನ್ನು ತಳ್ಳಿಹಾಕಿ, ಮರುವಿಚಾರಣೆ ಗುಜರಾತಿನ ಹೊರಗೆ, ಮಹಾರಾಷ್ಟ್ರದಲ್ಲಿ, ನಡೆಯಲಿ ಎಂದಿತು. ಸಾಕ್ಷಿ ನಿರ್ಭಯವಾಗಿ ನುಡಿಯಲಾರದ ಕಡೆ ನಡೆಯುವ ವಿಚಾರಣೆ ವಿಚಾರಣೆಯೇ ಅಲ್ಲ ಎಂಬುದು ಅದರ ಅಭಿಪ್ರಾಯ. 2006ರಲ್ಲಿ ಒಂಬತ್ತು ಮಂದಿಗೆ ಶಿಕ್ಷೆಯಾಯಿತು. ಮುಂದೆ 2012ರಲ್ಲಿ ಬೊಂಬಾಯಿ ಹೈಕೋರ್ಟು ಅವರಲ್ಲಿ ಐವರನ್ನು ಬಿಟ್ಟು ನಾಲ್ವರ ಶಿಕ್ಷೆಯನ್ನು ಉಳಿಸಿತು. ಇದರಲ್ಲಿ ಎರಡು ಪಾಠಗಳಿವೆ. ಕೆಳಗಿನ ನ್ಯಾಯಾಲಯದಲ್ಲಿ ಮುಗಿದದ್ದು ಮುಗಿದೇಹೋಯಿತೆಂದಲ್ಲ. ಮತ್ತೆ ತೆರೆದಾಗಲೂ ಸಂಶಯದ ಲಾಭ ಸಲ್ಲಬೇಕಾದವರಿಗೆ ಸಲ್ಲಬಹುದು. 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳ ರಕ್ಷಣೆಯ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟು, ಎಲ್ಲ ರಾಜ್ಯಗಳೂ ಅದನ್ನು ಪಾಲಿಸಬೇಕೆಂದಿತು. ಯೋಜನೆ ಕಾಗದದ ಮೇಲಿದೆ. ಅದು ಹಳ್ಳಿಯ ಕೊನೆಯ ಬೀದಿಯವರೆಗೆ ನಡೆದುಬಂದರೆ ಮುಂದಿನ ಸಾಕ್ಷಿಯ ಬಾಯಿ ತೆರೆದೀತು.

ಕೀಳ್ವೆಣ್ಮಣಿಯಲ್ಲಿ ಈಗ ಸ್ಮಾರಕವಿದೆ. ಸತ್ತವರ ಹೆಸರುಗಳನ್ನು ಅಲ್ಲಿ ಕೊರೆದಿದ್ದಾರೆ. ಪ್ರತಿ ವರ್ಷವೂ ಡಿಸೆಂಬರ್ 25ರಂದು ಸುತ್ತಣ ಹಳ್ಳಿಗಳ ಜನ ಅಲ್ಲಿ ಸೇರುತ್ತಾರೆ. ಶಿಕ್ಷೆ ವಿಧಿಸುವ ಶಕ್ತಿ ಅವರಿಗಿಲ್ಲ, ವಿಧಿಸಬೇಕಾದವರೂ ಈಗ ಬಹುಮಟ್ಟಿಗೆ ಉಳಿದಿಲ್ಲ. ಅವರು ಮಾಡುವುದು ಇಷ್ಟೇ: ಹೆಸರುಗಳನ್ನು ಮರೆಯದೆ ಇಟ್ಟುಕೊಂಡಿದ್ದಾರೆ. ನ್ಯಾಯಾಲಯ ಉತ್ತರ ಹೇಳದೆ ಬಿಟ್ಟ ಪ್ರಶ್ನೆಗೆ ಇದು ಉತ್ತರವಲ್ಲ, ನಿಜ. ಆದರೆ ಪ್ರಶ್ನೆಯೇ ಅಳಿಸಿಹೋಗದಂತೆ ಐದು ದಶಕಗಳಿಗೂ ಮೀರಿ ಕಾಪಾಡಿಕೊಂಡು ಬಂದಿರುವುದು ಸಣ್ಣ ಕೆಲಸವಲ್ಲ. ಕಾವೇರಿಯ ನೀರಿನ ಲೆಕ್ಕ ಮತ್ತೊಮ್ಮೆ ಪತ್ರಿಕೆಗಳಲ್ಲಿ ಬಂದಾಗ, ಆ ನದಿಯ ಕೊನೆಯ ಬಯಲಿನಲ್ಲಿ ಬಾಕಿ ಉಳಿದಿರುವ ಈ ಲೆಕ್ಕವೂ ನಮ್ಮ ನೆನಪಿಗೆ ಬಂದರೆ ಒಳ್ಳೆಯದು.